ಗಂಟು ಕಟ್ಟುವ ಜೀವಿಯ ಜಾತಕ

ಚೆರಿ, ಸೇಬು, ಬಾದಾಮಿ, ದ್ರಾಕ್ಷಿ ಬೆಳೆಯುವ ತಣ್ಣನೆಯ ನಾಡುಗಳ ರೈತರಿಗೆ ಒಂದು ಗಂಟು ಚಿರಪರಿಚಿತ. ಕಾಂಡ ಮಣ್ಣಿಗಿಳಿದು ಬೇರಾಗುವ ಜಾಗದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಮೊದಲು ಬಟಾಣಿ ಕಾಳಿನಷ್ಟು, ಆಮೇಲೆ ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ತೆಂಗಿನಕಾಯಿಯಷ್ಟು. ಮೇಲ್ಮೈ ಒರಟು, ಆಕಾರ ಅಡ್ಡಾದಿಡ್ಡಿ. ಎಳೆಯ ಸಸಿಗೆ ಇಂಥ ಗಂಟು ಕಟ್ಟಿತೆಂದರೆ ಅದು ಸೊರಗಿತೆಂದೇ ಲೆಕ್ಕ. ಬೇರು ಹೀರಿದ ನೀರು, ಎಲೆ ಮಾಡಿದ ಆಹಾರ ಎಲ್ಲವೂ ಗಂಟಿನ ಪಾಲಾಗುತ್ತವೆ. ಇಂಗ್ಲಿಷಿನಲ್ಲಿ ಈ ರೋಗಕ್ಕೆ ಕ್ರೌನ್ ಗಾಲ್ ಎಂದು ಹೆಸರು. ಗಿಡಗಳ ಕ್ಯಾನ್ಸರ್ ಎಂದು ಕರೆದವರೂ ಉಂಟು.

ಈ ಗಂಟಿಗೆ ಕಾರಣ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯ. ಕಣ್ಣಿಗೆ ಕಾಣದ, ಸಣ್ಣ ಕಡ್ಡಿಯಂಥ ಜೀವಿ. ಅಗ್ರೊಬ್ಯಾಕ್ಟೀರಿಯಂ ಟ್ಯುಮಿಫೇಸಿಯನ್ಸ್ ಎಂಬ ಉದ್ದನೆಯ ಹೆಸರು ಅದಕ್ಕೆ. ರೈತನ ಪಾಲಿಗೆ ಶತ್ರುವಾದ ಇದೇ ಜೀವಿ ವಿಜ್ಞಾನಿಗಳ ಪಾಲಿಗೆ ಕೈಗೆ ಸಿಕ್ಕ ಚಿನ್ನದ ಸೂಜಿಯಾಯಿತು. ಒಂದು ಜೀವಿಯ ಜೀನನ್ನು ಇನ್ನೊಂದು ಜಾತಿಯ ಗಿಡಕ್ಕೆ ಸೇರಿಸುವ ಕುಲಾಂತರಿ ತಂತ್ರಜ್ಞಾನ ಬಹುಮಟ್ಟಿಗೆ ನಿಂತಿರುವುದು ಈ ಬ್ಯಾಕ್ಟೀರಿಯದ ಬೆನ್ನ ಮೇಲೆ. 2001ರ ಡಿಸೆಂಬರಿನಲ್ಲಿ ಅದರ ಪೂರ್ತಿ ಜಾತಕವೇ, ಅಂದರೆ ಅದರ ಡಿಎನ್‌ಎಯಲ್ಲಿರುವ ಪ್ರತಿಯೊಂದು ಅಕ್ಷರವೂ, ಓದಿ ಪ್ರಕಟವಾಯಿತು. ಆ ಜಾತಕದಲ್ಲಿ ಏನಿತ್ತು? ಅದರಿಂದ ಯಾರಿಗೆ ಏನು ಲಾಭವಾಯಿತು? ಅದನ್ನು ತಿಳಿಯಬೇಕಾದರೆ ಗಂಟಿನ ಕಥೆಯನ್ನು ಮೊದಲಿನಿಂದ ಹೇಳಬೇಕು.

ಕಳ್ಳ ಸತ್ತರೂ ನಿಲ್ಲದ ಕಳವು

1907ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಇರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಡೇಸಿ ಜಾತಿಯ ಹೂಗಿಡವೊಂದರ ಗಂಟಿನಿಂದ ಈ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. ಅದನ್ನು ಬೇರೆ ಆರೋಗ್ಯವಂತ ಗಿಡಗಳಿಗೆ ಚುಚ್ಚಿದಾಗ ಅವುಗಳಲ್ಲೂ ಗಂಟು ಮೂಡಿತು. ರೋಗಕ್ಕೆ ಕಾರಣ ಯಾರೆಂಬುದು ಇತ್ಯರ್ಥವಾಯಿತು. ಆದರೆ ಅದು ಗಂಟನ್ನು ಹೇಗೆ ಕಟ್ಟುತ್ತದೆ ಎಂಬುದು ಒಗಟಾಗಿಯೇ ಉಳಿಯಿತು.

ಈ ಒಗಟಿನ ಮೊದಲ ಎಳೆ ಸಿಕ್ಕಿದ್ದು 1940ರ ದಶಕದಲ್ಲಿ, ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ಆರ್ಮಿನ್ ಬ್ರಾನ್ ಎಂಬುವರಿಗೆ. ಅವರು ಬಳಸಿದ ಗಿಡ ನಮ್ಮ ಅಂಗಳಗಳಲ್ಲಿ ವರ್ಷವಿಡೀ ಹೂ ಬಿಡುವ ಸದಾಪುಷ್ಪ. ಕಾಶಿಕಣಗಿಲೆ ಎಂದೂ ಅದನ್ನು ಕರೆಯುವುದುಂಟು. ಈ ಗಿಡ ಸಾಕಷ್ಟು ಬಿಸಿಯನ್ನು ತಾಳಿಕೊಳ್ಳುತ್ತದೆ. ಸುಮಾರು 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬ್ಯಾಕ್ಟೀರಿಯ ಸತ್ತುಹೋದರೂ ಗಿಡ ಬದುಕಿರುತ್ತದೆ. ಬ್ರಾನ್ ಗಿಡಕ್ಕೆ ಬ್ಯಾಕ್ಟೀರಿಯ ತಗುಲಿಸಿ, ಬೇರೆ ಬೇರೆ ಅವಧಿಯ ನಂತರ ಬಿಸಿ ಕೊಟ್ಟು ಕೊಂದು ನೋಡಿದರು. ತೀರ ಬೇಗ ಕೊಂದರೆ ಗಂಟು ಮೂಡಲಿಲ್ಲ. ಆದರೆ ಎರಡು ಮೂರು ದಿನ ಬಿಟ್ಟು ಕೊಂದರೆ, ಬ್ಯಾಕ್ಟೀರಿಯ ಒಂದೂ ಉಳಿಯದಿದ್ದರೂ ಗಂಟು ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು. ಅಂಥ ಗಂಟಿನ ಒಂದು ಚೂರನ್ನು ತೆಗೆದು ಗಾಜಿನ ತಟ್ಟೆಯಲ್ಲಿ ಸಾಕಿದರೂ ಅದು ಬೆಳೆಯುತ್ತಲೇ ಹೋಯಿತು.

ಇದರ ಅರ್ಥವೇನು? ಕಳ್ಳ ಸತ್ತ ಮೇಲೂ ಮನೆಯಲ್ಲಿ ಕಳವು ನಡೆಯುತ್ತಲೇ ಇದೆ ಎಂದರೆ ಮನೆಯವರಿಗೇ ಅವನು ಏನನ್ನೋ ಹೇಳಿಕೊಟ್ಟು ಹೋಗಿದ್ದಾನೆ ಎಂದಲ್ಲವೇ? ಬ್ಯಾಕ್ಟೀರಿಯ ಗಿಡದ ಜೀವಕೋಶದೊಳಕ್ಕೆ ಗಂಟನ್ನು ಪ್ರಚೋದಿಸುವ ಏನನ್ನೋ ದಾಟಿಸುತ್ತದೆ ಎಂದು ಬ್ರಾನ್ ತರ್ಕಿಸಿದರು. ಆ ವಸ್ತು ಯಾವುದೆಂದು ತಿಳಿಯಲು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು.

ಉತ್ತರ ಸಿಕ್ಕಿದ್ದು ಒಂದು ಪುಟ್ಟ ಬಳೆಯಲ್ಲಿ. ಬ್ಯಾಕ್ಟೀರಿಯಗಳಲ್ಲಿ ಮುಖ್ಯ ವರ್ಣತಂತುವಿನ ಜೊತೆಗೆ ಬಳೆಯಾಕಾರದ ಸಣ್ಣ ಡಿಎನ್‌ಎ ತುಣುಕುಗಳಿರುವುದುಂಟು. ಇವಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಬೆಲ್ಜಿಯಂ ದೇಶದ ಘೆಂಟ್ ವಿಶ್ವವಿದ್ಯಾಲಯದಲ್ಲಿ ಜೆಫ್ ಶೆಲ್ ಮತ್ತು ಮಾರ್ಕ್ ವಾನ್ ಮೊಂಟಾಗು ಅವರ ತಂಡ 1974ರಲ್ಲಿ ಒಂದು ಸಂಗತಿಯನ್ನು ವರದಿ ಮಾಡಿತು. ಗಂಟು ಕಟ್ಟುವ ಬ್ಯಾಕ್ಟೀರಿಯಗಳಲ್ಲೆಲ್ಲ ಒಂದು ದೊಡ್ಡ ಪ್ಲಾಸ್ಮಿಡ್ ಇತ್ತು. ಗಂಟು ಕಟ್ಟಲಾರದ ಸಾಧು ಬ್ಯಾಕ್ಟೀರಿಯಗಳಲ್ಲಿ ಅದು ಇರಲಿಲ್ಲ. ಈ ಬಳೆಗೆ ಟಿಐ ಪ್ಲಾಸ್ಮಿಡ್ ಎಂಬ ಹೆಸರು ಬಂತು. 1977ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಮೇರಿ ಡೆಲ್ ಚಿಲ್ಟನ್, ಯೂಜೀನ್ ನೆಸ್ಟರ್, ಮಿಲ್ಟನ್ ಗಾರ್ಡನ್ ಮತ್ತು ಸಂಗಡಿಗರು ಕೊನೆಯ ಪುರಾವೆಯನ್ನು ಒದಗಿಸಿದರು. ಆ ಬಳೆಯ ಒಂದು ತುಂಡು ಗಂಟಿನ ಜೀವಕೋಶಗಳ ಡಿಎನ್‌ಎಯಲ್ಲೇ ಇತ್ತು.

ಬ್ಯಾಕ್ಟೀರಿಯದ ಜೀನು ಗಿಡದೊಳಗೆ! ಎರಡೂ ಜೀವವೃಕ್ಷದ ತೀರ ದೂರದ ಕೊಂಬೆಗಳು. ಅವುಗಳ ನಡುವೆ ಜೀನು ವಿನಿಮಯ ಪ್ರಕೃತಿಯಲ್ಲೇ ನಡೆಯುತ್ತದೆ ಎಂಬುದು ಅಂದಿನ ವಿಜ್ಞಾನ ಲೋಕಕ್ಕೆ ಅರಗಿಸಿಕೊಳ್ಳಲಾಗದ ಸುದ್ದಿಯಾಗಿತ್ತು.

ಕಾಗೆಯ ಗೂಡಿನಲ್ಲಿ ಕೋಗಿಲೆಯ ಮೊಟ್ಟೆ

ಈ ಕೆಲಸವನ್ನು ಬ್ಯಾಕ್ಟೀರಿಯ ಮಾಡುವ ಬಗೆ ಸ್ವಾರಸ್ಯವಾದುದು. ಕೋಗಿಲೆ ತನ್ನ ಮೊಟ್ಟೆಯನ್ನು ಕಾಗೆಯ ಗೂಡಿನಲ್ಲಿಟ್ಟು ಹಾರಿಹೋಗುತ್ತದೆ. ಕಾಗೆ ಅದನ್ನು ತನ್ನದೆಂದೇ ತಿಳಿದು ಕಾವು ಕೊಟ್ಟು, ಮರಿಗೆ ಗುಟುಕು ಕೊಟ್ಟು ಸಾಕುತ್ತದೆ. ಅಗ್ರೊಬ್ಯಾಕ್ಟೀರಿಯಂ ಇಡುವ ಮೊಟ್ಟೆ ಡಿಎನ್‌ಎ ರೂಪದ್ದು.

ಗಿಡಕ್ಕೆ ಗಾಯವಾದಾಗ, ಕುಡುಗೋಲು ತಾಗಿ ತೊಗಟೆ ಸುಲಿದಿರಬಹುದು, ಹಿಮ ಬಿದ್ದು ಕಾಂಡ ಸೀಳಿರಬಹುದು, ಗಾಯದಿಂದ ಕೆಲವು ರಸಾಯನಿಕಗಳು ಒಸರುತ್ತವೆ. ಅಸಿಟೊಸಿರಿಂಗೋನ್ ಎಂಬುದು ಅವುಗಳಲ್ಲಿ ಒಂದು. ಗಿಡದ ಮಟ್ಟಿಗೆ ಅದು ಗಾಯಕ್ಕೆ ತೋರುವ ಪ್ರತಿಕ್ರಿಯೆ. ಬ್ಯಾಕ್ಟೀರಿಯಕ್ಕೆ ಅದೇ ಆಹ್ವಾನ ಪತ್ರಿಕೆ. ಈ ವಾಸನೆಯನ್ನು ಗುರುತಿಸುವ ಒಂದು ಪ್ರೋಟೀನು ಅದರ ಮೈಹೊದಿಕೆಯಲ್ಲಿದೆ. ಸುಳಿವು ಸಿಕ್ಕೊಡನೆ ಪ್ಲಾಸ್ಮಿಡ್‌ನಲ್ಲಿ ಮಲಗಿದ್ದ ಜೀನುಗಳ ಒಂದು ತಂಡ ಎಚ್ಚೆತ್ತು ಕೆಲಸಕ್ಕೆ ತೊಡಗುತ್ತದೆ. ಒಂದು ಕಿಣ್ವ ಕತ್ತರಿಯಂತೆ ಬಳೆಯ ಗೊತ್ತಾದ ಭಾಗವನ್ನು ಕತ್ತರಿಸುತ್ತದೆ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂಬುದಕ್ಕೆ ಎರಡೂ ತುದಿಯಲ್ಲಿ 25 ಅಕ್ಷರಗಳ ಗಡಿಕಲ್ಲುಗಳಿವೆ. ಕತ್ತರಿಸಿದ ಎಳೆಯ ತಲೆಗೆ ಆ ಕಿಣ್ವವೇ ಅಂಟಿಕೊಂಡು ದಾರಿ ತೋರಿಸುವ ಆಳಾಗುತ್ತದೆ. ಬ್ಯಾಕ್ಟೀರಿಯ ತನ್ನ ಮೈಯಿಂದ ಹೊರಚಾಚಿದ ಸೂಕ್ಷ್ಮ ಕೊಳವೆಯ ಮೂಲಕ ಇವೆರಡನ್ನೂ ಗಿಡದ ಕೋಶದೊಳಕ್ಕೆ ರವಾನಿಸುತ್ತದೆ. ಒಳಗೆ ಇನ್ನೊಂದು ಪ್ರೋಟೀನು ಎಳೆಯ ಉದ್ದಕ್ಕೂ ಹೊದಿಕೆಯಂತೆ ಸುತ್ತಿಕೊಂಡು, ಕೋಶಕೇಂದ್ರ ತಲುಪುವವರೆಗೆ ಅದನ್ನು ಕಾಯುತ್ತದೆ. ಅಲ್ಲಿ ಎಳೆ ಗಿಡದ ಸ್ವಂತ ಡಿಎನ್‌ಎ ಜೊತೆ ಹೊಲಿಗೆಯಾಗಿ ಸೇರಿಕೊಳ್ಳುತ್ತದೆ.

ಇನ್ನು ಮುಂದೆ ಗಿಡದ ಕೋಶಕ್ಕೆ ಅದು ಬೇರೆಯವರ ಆಜ್ಞೆ ಎಂಬುದೇ ಗೊತ್ತಾಗುವುದಿಲ್ಲ. ಸೇರಿಕೊಂಡ ಜೀನುಗಳಲ್ಲಿ ಕೆಲವು ಗಿಡದ ಬೆಳವಣಿಗೆಯ ಹಾರ್ಮೋನುಗಳನ್ನು ಅತಿಯಾಗಿ ಉತ್ಪಾದಿಸುತ್ತವೆ. ಕೋಶಗಳು ಲಂಗುಲಗಾಮಿಲ್ಲದೆ ಒಡೆಯುತ್ತಾ ಗಂಟಾಗುತ್ತವೆ. ಇನ್ನು ಕೆಲವು ಜೀನುಗಳು ಓಪೈನ್ ಎಂಬ ವಿಚಿತ್ರ ಆಹಾರವನ್ನು ತಯಾರಿಸುತ್ತವೆ. ಗಿಡಕ್ಕೆ ಇದರಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಮಣ್ಣಿನ ಬಹುಪಾಲು ಜೀವಿಗಳಿಗೂ ಅದು ದಕ್ಕದು. ದಕ್ಕುವುದು ಮುಖ್ಯವಾಗಿ ಅಗ್ರೊಬ್ಯಾಕ್ಟೀರಿಯಂಗೆ. ಗಂಟು ಎಂದರೆ ಆ ಬ್ಯಾಕ್ಟೀರಿಯ ಗಿಡದ ಖರ್ಚಿನಲ್ಲಿ ಕಟ್ಟಿಸಿಕೊಂಡ ಖಾಸಗಿ ಅಡುಗೆಮನೆ.

ಮೊಟ್ಟೆ ಬದಲಾಯಿಸಿದ ಮನುಷ್ಯ

ಇಷ್ಟು ತಿಳಿದ ಮೇಲೆ ಮನುಷ್ಯ ಸುಮ್ಮನಿರುವನೇ? ಕೋಗಿಲೆಯ ಮೊಟ್ಟೆಯ ಜಾಗದಲ್ಲಿ ತನಗೆ ಬೇಕಾದ ಮೊಟ್ಟೆಯನ್ನಿಟ್ಟರೆ ಹೇಗೆ ಎಂಬ ಯೋಚನೆ ಹಲವರಿಗೆ ಒಮ್ಮೆಗೇ ಬಂತು. ಎರಡು ಗಡಿಕಲ್ಲುಗಳನ್ನು ಹಾಗೆಯೇ ಬಿಟ್ಟು, ನಡುವಿನ ಗಂಟುಕಾರಕ ಜೀನುಗಳನ್ನು ಕಿತ್ತು ಹಾಕಿ, ಅಲ್ಲಿ ಬೇರೆ ಜೀನನ್ನು ಕೂರಿಸಿದರಾಯಿತು. ಬ್ಯಾಕ್ಟೀರಿಯ ಗಡಿಕಲ್ಲನ್ನು ನೋಡುತ್ತದೆಯೇ ಹೊರತು ಒಳಗೇನಿದೆ ಎಂದು ನೋಡುವುದಿಲ್ಲ. ವಿಳಾಸ ಸರಿಯಿದ್ದರೆ ಲಕೋಟೆಯೊಳಗಿನ ಕಾಗದವನ್ನು ಅಂಚೆಯವನು ಓದುತ್ತಾನೆಯೇ?

1983ರ ಜನವರಿಯಲ್ಲಿ ಅಮೆರಿಕದ ಮಯಾಮಿಯಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಮೂರು ತಂಡಗಳು ಈ ಸಾಧನೆಯನ್ನು ಸಾರಿದವು. ಶೆಲ್ ಮತ್ತು ವಾನ್ ಮೊಂಟಾಗು ಅವರದೊಂದು, ಅಷ್ಟರಲ್ಲಿ ಸೇಂಟ್ ಲೂಯಿ ನಗರಕ್ಕೆ ಬಂದಿದ್ದ ಚಿಲ್ಟನ್ ಅವರದೊಂದು, ಅದೇ ಊರಿನ ಮಾನ್ಸಾಂಟೊ ಕಂಪೆನಿಯದು ಇನ್ನೊಂದು. ತಂಬಾಕು, ಪಿಟೂನಿಯದಂಥ ಗಿಡಗಳ ಜೀವಕೋಶಗಳಲ್ಲಿ ಹೊರಗಿನ ಜೀನು ಕೆಲಸ ಮಾಡಿತ್ತು. ಹುಲ್ಲಿನ ಜಾತಿಯ ಬೆಳೆಗಳಾದ ಬತ್ತ, ಜೋಳಗಳು ಮಾತ್ರ ಬಹುಕಾಲ ಮಣಿಯಲಿಲ್ಲ. 1994ರಲ್ಲಿ ಜಪಾನಿನ ವಿಜ್ಞಾನಿಗಳು ಬತ್ತಕ್ಕೂ ಈ ದಾರಿಯನ್ನು ಸಮರ್ಪಕವಾಗಿ ತೆರೆದರು.

ಕರ್ನಾಟಕದ ಹೊಲಗಳಿಗೂ ಈ ಬ್ಯಾಕ್ಟೀರಿಯದ ಕೈಚಳಕ ತಲುಪಿದೆ. 2002ರ ಮಾರ್ಚಿನಲ್ಲಿ ಭಾರತ ಸರಕಾರ ಬಿ.ಟಿ. ಹತ್ತಿಗೆ ಅನುಮತಿ ನೀಡಿದಾಗ ಅದನ್ನು ಬೆಳೆಯಬಹುದಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆ ಹತ್ತಿಯಲ್ಲಿದ್ದ, ಕಾಯಿಕೊರಕ ಹುಳುವಿಗೆ ವಿಷವಾಗುವ ಜೀನನ್ನು ಮೊದಲು ಅಮೆರಿಕದ ಕೋಕರ್ ಎಂಬ ಹತ್ತಿ ತಳಿಗೆ ಸೇರಿಸಿದ್ದು ಅಗ್ರೊಬ್ಯಾಕ್ಟೀರಿಯಮ್ಮೇ. ಆ ಗಿಡದೊಡನೆ ಇಲ್ಲಿನ ತಳಿಗಳನ್ನು ಮತ್ತೆ ಮತ್ತೆ ಸಂಕರ ಮಾಡಿ ಬೀಜ ತಯಾರಿಸಲಾಯಿತು. ಮುಂದೆ ಗುಲಾಬಿ ಕಾಯಿಕೊರಕ ಆ ವಿಷವನ್ನು ಜೀರ್ಣಿಸಿಕೊಳ್ಳಲು ಕಲಿತದ್ದು, ಬೀಜದ ಬೆಲೆಯ ಬಗ್ಗೆ ಜಗಳವಾದದ್ದು ಎಲ್ಲರಿಗೂ ತಿಳಿದ ವಿಷಯ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. 1983ರಿಂದ 2001ರವರೆಗೆ, ಹದಿನೆಂಟು ವರ್ಷ, ಮನುಷ್ಯ ಈ ಜೀವಿಯನ್ನು ದುಡಿಸಿಕೊಂಡದ್ದು ಅದರ ಒಂದು ಬಳೆಯನ್ನಷ್ಟೇ ಚೆನ್ನಾಗಿ ಅರಿತು. ಎತ್ತಿನ ಕೊರಳಿನ ಹಗ್ಗ ಮಾತ್ರ ನೋಡಿ ಎತ್ತನ್ನು ನೋಡದೆ ಹೊಲ ಉತ್ತಂತೆ. ಪೂರ್ತಿ ಜೀವಿ ಎಂಥದು, ಅದರ ಬಂಧುಬಳಗ ಯಾವುದು ಎಂಬುದು ಇನ್ನೂ ಬಹುಪಾಲು ಕತ್ತಲೆಯಲ್ಲೇ ಇತ್ತು.

56 ಲಕ್ಷ ಅಕ್ಷರಗಳ ಪುಸ್ತಕ

ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥ ಎನ್ನಬಹುದು. ಎ, ಟಿ, ಜಿ, ಸಿ ಎಂಬ ನಾಲ್ಕು ರಸಾಯನಿಕ ಘಟಕಗಳು ಯಾವ ಸಾಲಿನಲ್ಲಿ ಬರುತ್ತವೆ ಎಂಬುದರ ಮೇಲೆ ಜೀವಿಯ ಸ್ವಭಾವ ನಿಂತಿದೆ. ಈ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಓದುವುದೇ ಜೀನೋಮ್ ಓದುವಿಕೆ. ಸ್ವತಂತ್ರವಾಗಿ ಬದುಕುವ ಜೀವಿಯೊಂದರ ಪೂರ್ತಿ ಜೀನೋಮನ್ನು ಮೊದಲ ಬಾರಿಗೆ ಓದಿದ್ದು 1995ರಲ್ಲಿ. ಹೀಮೊಫಿಲಸ್ ಎಂಬ ಆ ಬ್ಯಾಕ್ಟೀರಿಯದ ಗ್ರಂಥದಲ್ಲಿ ಸುಮಾರು 18 ಲಕ್ಷ ಅಕ್ಷರಗಳಿದ್ದವು. ಗಿಡಗಳಿಗೆ ರೋಗ ತರುವ ಬ್ಯಾಕ್ಟೀರಿಯಗಳ ಪೈಕಿ ಮೊದಲು ಓದಿದ್ದು ಕಿತ್ತಳೆ ಗಿಡದ ರೋಗಾಣುವೊಂದನ್ನು, 2000ದಲ್ಲಿ, ಬ್ರೆಜಿಲ್ ದೇಶದವರು.

ಓದುವ ಬಗೆ ಹೀಗಿದೆ. ಒಂದೇ ದಿನಪತ್ರಿಕೆಯ ಹತ್ತಾರು ಪ್ರತಿಗಳನ್ನು ತೆಗೆದುಕೊಂಡು ಕಂಡಕಂಡಲ್ಲಿ ಹರಿದು ಚೂರು ಮಾಡಿ ಎನ್ನಿ. ಪ್ರತಿ ಚೂರಿನಲ್ಲೂ ಒಂದೆರಡು ಸಾಲು ಓದಬಹುದು. ಹರಿದ ಜಾಗ ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಇರುವುದರಿಂದ, ಒಂದು ಚೂರಿನ ಕೊನೆಯ ಮಾತು ಇನ್ನೊಂದು ಚೂರಿನ ಆರಂಭದಲ್ಲಿ ಸಿಗುತ್ತದೆ. ಹೀಗೆ ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸುತ್ತಾ ಹೋದರೆ ಪತ್ರಿಕೆ ಪೂರ್ತಿಯಾಗುತ್ತದೆ. ಡಿಎನ್‌ಎಯನ್ನೂ ಹೀಗೆಯೇ ಚೂರು ಮಾಡಿ, ಯಂತ್ರಗಳಲ್ಲಿ ಓದಿ, ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಎಲ್ಲೂ ಹೊಂದದೆ ಉಳಿಯುವ ಸಂದುಗಳನ್ನು ಮನುಷ್ಯರೇ ಕುಳಿತು ತುಂಬಬೇಕು. ತಾಳ್ಮೆ ಬೇಡುವ ಕೆಲಸ ಅದು.

ಈ ಕೆಲಸಕ್ಕೆ ಆರಿಸಿಕೊಂಡದ್ದು ಸಿ-58 ಎಂಬ ತಳಿಯನ್ನು. 1958ರಲ್ಲಿ ನ್ಯೂಯಾರ್ಕ್ ರಾಜ್ಯದ ಚೆರಿ ಮರದ ಗಂಟೊಂದರಿಂದ ಬೇರ್ಪಡಿಸಿದ ತಳಿ ಇದು. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದುದೂ ಇದೇ. ಈಚೆಗೆ ಅದಕ್ಕೆ ಅಗ್ರೊಬ್ಯಾಕ್ಟೀರಿಯಂ ಫ್ಯಾಬ್ರಂ ಎಂಬ ಹೊಸ ಹೆಸರೂ ಬಂದಿದೆ. ಸೋಜಿಗವೆಂದರೆ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನೇ ಓದಲು ಹೊರಟವು. ಒಂದು ಕಡೆ ಸಿಯಾಟಲ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯ. 1977ರ ಶೋಧದಲ್ಲಿದ್ದ ನೆಸ್ಟರ್ ಅವರೇ ಇಲ್ಲಿನ ಹಿರಿಯರು. ಡ್ಯುಪಾಂಟ್ ಕಂಪೆನಿಯವರೂ ಬ್ರೆಜಿಲ್‌ನ ಕಂಪಿನಾಸ್ ವಿಶ್ವವಿದ್ಯಾಲಯದವರೂ ಅವರ ಜೊತೆಗಿದ್ದರು. ಇನ್ನೊಂದು ಕಡೆ ಮಾನ್ಸಾಂಟೊಗೆ ಸೇರಿದ ಸೀರಿಯಾನ್ ಎಂಬ ಕಂಪೆನಿ. ಅದರ ಜೊತೆಗೆ ವರ್ಜೀನಿಯದ ರಿಚ್ಮಂಡ್ ವಿಶ್ವವಿದ್ಯಾಲಯದ ಬ್ರಾಡ್ ಗುಡ್ನರ್ ಎಂಬ ಅಧ್ಯಾಪಕರು.

ಈ ಗುಡ್ನರ್ ಅವರ ಪ್ರಯೋಗಾಲಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕೆಲಸ ಮಾಡಿದವರಲ್ಲಿ ಪದವಿ ತರಗತಿಯ ಹುಡುಗ ಹುಡುಗಿಯರೂ ಇದ್ದರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬಿ.ಎಸ್‌ಸಿ. ಓದುವ ಮಕ್ಕಳು. ಬ್ಯಾಕ್ಟೀರಿಯದ ಜೀನುಗಳು ಎಲ್ಲೆಲ್ಲಿವೆ ಎಂಬ ನಕಾಶೆ ತಯಾರಿಸುವುದರಲ್ಲಿ ಅವರ ಕೈಯಿತ್ತು. ಪರೀಕ್ಷೆಗೆಂದು ಉತ್ತರ ಉರುಹೊಡೆಯುವ ವಯಸ್ಸಿನಲ್ಲಿ ಯಾರಿಗೂ ಉತ್ತರ ತಿಳಿಯದ ಪ್ರಶ್ನೆಯ ಮೇಲೆ ಕೆಲಸ ಮಾಡುವ ಅವಕಾಶ ಅವರಿಗೆ ಸಿಕ್ಕಿತು. ದೊಡ್ಡ ವಿಜ್ಞಾನ ದೊಡ್ಡವರಿಂದ ಮಾತ್ರ ಆಗುತ್ತದೆ ಎಂಬ ಭ್ರಮೆಯನ್ನು ಬಿಡಿಸಲು ಇಷ್ಟು ಸಾಕು.

ಎರಡೂ ತಂಡಗಳ ಲೇಖನಗಳು 2001ರ ಡಿಸೆಂಬರ್ 14ರ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಕ್ಕಪಕ್ಕದಲ್ಲಿ ಪ್ರಕಟವಾದವು. ಕಂಪೆನಿ ಓದಿದ್ದಾಗಲಿ ವಿಶ್ವವಿದ್ಯಾಲಯ ಓದಿದ್ದಾಗಲಿ, ಎರಡೂ ಸಾರ್ವಜನಿಕ ಭಂಡಾರದಲ್ಲಿ ಯಾರು ಬೇಕಾದರೂ ನೋಡುವಂತೆ ಸಿಕ್ಕವು.

ಶತ್ರುವಿನ ಗೋತ್ರ

ಹಾಗಾದರೆ ಜಾತಕದಲ್ಲಿ ಕಂಡದ್ದೇನು? ಒಟ್ಟು ಅಕ್ಷರಗಳು ಸುಮಾರು 56 ಲಕ್ಷ 70 ಸಾವಿರ. ಜೀನುಗಳು ಸುಮಾರು 5,400. ಇವೆಲ್ಲ ಒಂದೇ ಸಂಪುಟದಲ್ಲಿಲ್ಲ, ನಾಲ್ಕು ಸಂಪುಟಗಳಲ್ಲಿ ಹಂಚಿಹೋಗಿವೆ. ಮೊದಲನೆಯದು 28 ಲಕ್ಷ 40 ಸಾವಿರ ಅಕ್ಷರಗಳ ವೃತ್ತಾಕಾರದ ವರ್ಣತಂತು. ಎರಡನೆಯದು ಸುಮಾರು 20 ಲಕ್ಷ 75 ಸಾವಿರ ಅಕ್ಷರಗಳದ್ದು. ಇದು ವೃತ್ತವಲ್ಲ, ಎರಡು ತುದಿಯಿರುವ ನೇರ ದಾರ. ಬ್ಯಾಕ್ಟೀರಿಯಗಳಲ್ಲಿ ಇದು ಅಪರೂಪ. ಇಂಥದೊಂದು ಇದೆಯೆಂದು ಫ್ರಾನ್ಸಿನ ವಿಜ್ಞಾನಿಗಳು 1993ರಲ್ಲೇ ಹೇಳಿದ್ದರು. ಈಗ ಅದರ ಒಕ್ಕಣೆಯೇ ಕಣ್ಣೆದುರಿಗೆ ಬಂತು. ಉಳಿದೆರಡು ಪ್ಲಾಸ್ಮಿಡ್ ಬಳೆಗಳು. ಒಂದು 5 ಲಕ್ಷ 43 ಸಾವಿರ ಅಕ್ಷರಗಳದ್ದು. ಕೊನೆಯದೇ ಗಂಟು ಕಟ್ಟಿಸುವ ಟಿಐ ಪ್ಲಾಸ್ಮಿಡ್, 2 ಲಕ್ಷ 14 ಸಾವಿರ ಅಕ್ಷರಗಳು.

ಲೆಕ್ಕ ಹಾಕಿ ನೋಡಿ. ಇಡೀ ಗ್ರಂಥದಲ್ಲಿ ಕಳ್ಳತನದ ಅಧ್ಯಾಯ ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದ ತೊಂಬತ್ತಾರು ಪಾಲಿನಲ್ಲಿ ಏನಿದೆ? ಮಣ್ಣಿನಲ್ಲಿ ಬದುಕುವ ಒಬ್ಬ ಸಾಮಾನ್ಯ ಸಂಸಾರಿಗೆ ಬೇಕಾದ ಸರಂಜಾಮು. ಬೇರಿನ ಸುತ್ತ ಸಿಗುವ ಬಗೆಬಗೆಯ ಸಕ್ಕರೆ, ಆಮ್ಲಗಳನ್ನು ಹೀರಿಕೊಳ್ಳುವ ವಾಹಕಗಳು ಅದರಲ್ಲಿ ಎದ್ದು ಕಾಣುವಷ್ಟಿವೆ. ಎರಡನೆಯ ವರ್ಣತಂತುವನ್ನು ಪರೀಕ್ಷಿಸಿದಾಗ ಅದು ತನ್ನ ಪ್ರತಿ ಮಾಡಿಕೊಳ್ಳುವ ಬಗೆ ಪ್ಲಾಸ್ಮಿಡ್‌ಗಳ ಬಗೆಯಂತೆಯೇ ಇತ್ತು. ಯಾವುದೋ ಕಾಲದಲ್ಲಿ ಅತಿಥಿಯಾಗಿ ಬಂದ ಪ್ಲಾಸ್ಮಿಡ್ ಒಂದು ಮುಖ್ಯ ವರ್ಣತಂತುವಿನಿಂದ ಜೀನುಗಳನ್ನು ಪಡೆಯುತ್ತಾ ಬೆಳೆದು ಮನೆಯ ಯಜಮಾನರಲ್ಲಿ ಒಬ್ಬನಾಗಿರಬೇಕು.

ಆದರೆ ಎಲ್ಲಕ್ಕಿಂತ ಹೆಚ್ಚು ಬೆರಗು ತಂದದ್ದು ಬಂಧುತ್ವದ ವಿಚಾರ. ಅದೇ 2001ರ ಬೇಸಿಗೆಯಲ್ಲಿ ಇನ್ನೊಂದು ಮಣ್ಣಿನ ಬ್ಯಾಕ್ಟೀರಿಯದ ಜೀನೋಮ್ ಪ್ರಕಟವಾಗಿತ್ತು. ಸೈನೊರೈಜೋಬಿಯಂ ಮೆಲಿಲೋಟಿ ಎಂಬ ಅದು ಕುದುರೆಮಸಾಲೆ ಸೊಪ್ಪಿನ ಬೇರಿನಲ್ಲಿ ಗಂಟು ಕಟ್ಟಿಕೊಂಡು ವಾಸಿಸುತ್ತದೆ. ಈ ಗಂಟು ಬೇರೆ ಜಾತಿಯದು, ಪುಣ್ಯದ ಗಂಟು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುವ ಕಾರ್ಖಾನೆ ಅದು. ತೊಗರಿ, ಕಡಲೆ, ಶೇಂಗಾ ಬೆಳೆಗಳ ಬೇರಿನಲ್ಲಿ ಕಾಣುವ ಗಂಟುಗಳೂ ಇದರ ಬಳಗದ್ದೇ ಕೆಲಸ. ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬಿತ್ತನೆ ಬೀಜಕ್ಕೆ ಲೇಪಿಸುವ ರೈತರಿಗೆ ಈ ಬಳಗದ ಉಪಕಾರ ಚೆನ್ನಾಗಿ ಗೊತ್ತು.

ಈ ಮಿತ್ರನ ವರ್ಣತಂತುವನ್ನೂ ಆ ಶತ್ರುವಿನ ವೃತ್ತಾಕಾರದ ವರ್ಣತಂತುವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಜೀನುಗಳು ಸಾಲು ಸಾಲಾಗಿ ಒಂದೇ ಕ್ರಮದಲ್ಲಿ ಹೊಂದಿಕೊಂಡವು! ಇಬ್ಬರದೂ ಒಂದೇ ಗೋತ್ರ. ಹತ್ತಿರದ ಪೂರ್ವಜರಿಂದ ಕವಲೊಡೆದ ದಾಯಾದಿಗಳು. ಒಬ್ಬನು ಗಿಡಕ್ಕೆ ಅನ್ನ ಕೊಡುತ್ತಾನೆ, ಇನ್ನೊಬ್ಬನು ಗಿಡದ ಅನ್ನ ಕದಿಯುತ್ತಾನೆ. ವ್ಯತ್ಯಾಸ ಬಹುಪಾಲು ಇರುವುದು ಅವರು ಜೇಬಿನಲ್ಲಿಟ್ಟುಕೊಂಡಿರುವ ಬಳೆಗಳಲ್ಲಿ. ಮಿತ್ರನಿಗೆ ಸಾರಜನಕ ಹಿಡಿಯುವ ವಿದ್ಯೆ ಬಂದಿರುವುದೂ ಅವನ ದೊಡ್ಡ ಪ್ಲಾಸ್ಮಿಡ್‌ನಿಂದಲೇ. ಬಳಗದಲ್ಲಿ ಮೂರನೆಯವನೂ ಇದ್ದಾನೆ. ದನಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲ ರೋಗಾಣು. ಅದು ದನದ ಜೀವಕೋಶದಲ್ಲಿ ನೆಲೆ ಊರಲು ಬಳಸುವ ಕೊಳವೆ ಅಗ್ರೊಬ್ಯಾಕ್ಟೀರಿಯಂ ಜೀನು ರವಾನಿಸುವ ಕೊಳವೆಯದೇ ಮಾದರಿಯದು.

ಒಳ್ಳೆಯ ಬ್ಯಾಕ್ಟೀರಿಯ, ಕೆಟ್ಟ ಬ್ಯಾಕ್ಟೀರಿಯ ಎಂದು ಎರಡು ಪಟ್ಟಿ ಮಾಡಿ ಓದಿದವರಿಗೆ ಇದೊಂದು ಹೊಸ ಪಾಠ. ಶತ್ರುತ್ವ, ಮಿತ್ರತ್ವಗಳು ಇಲ್ಲಿ ಹುಟ್ಟುಗುಣಗಳಲ್ಲ. ಕೈಯಿಂದ ಕೈಗೆ ದಾಟಬಲ್ಲ ಸಲಕರಣೆಗಳು.

ಬೀಗ ಯಾರದು, ಕೀಲಿಕೈ ಯಾರದು?

ಇದು ಬರಿಯ ಜ್ಞಾನದ ಮಾತಾಗಿ ಉಳಿಯಲಿಲ್ಲ. ಅದರ ಹಿಂದೆ ಹಣದ ಮಾತೂ ಇತ್ತು. 1983ರಲ್ಲಿ ಮೂರು ತಂಡಗಳು ಒಟ್ಟಿಗೆ ಸಾಧಿಸಿದ ಮೇಲೆ, ಈ ತಂತ್ರದ ಹಕ್ಕು ಯಾರದು ಎಂಬ ಜಗಳ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ವರ್ಷಾನುಗಟ್ಟಲೆ ನಡೆಯಿತು. ಮಾನ್ಸಾಂಟೊ, ಬೇಯರ್ ಮತ್ತು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ತಮ್ಮ ನಡುವಿನ ವ್ಯಾಜ್ಯವನ್ನು ರಾಜಿ ಮಾಡಿಕೊಂಡದ್ದು 2005ರಲ್ಲಿ. ಅಗ್ರೊಬ್ಯಾಕ್ಟೀರಿಯಂನ ಒಂದೊಂದು ಬಳಕೆಯ ಮೇಲೂ ಪೇಟೆಂಟ್‌ಗಳು ಹುತ್ತದಂತೆ ಬೆಳೆದಿದ್ದವು. ಬಡ ದೇಶದ ವಿಶ್ವವಿದ್ಯಾಲಯವೊಂದು ತನ್ನ ರೈತರಿಗಾಗಿ ರೋಗ ತಡೆಯುವ ಬೆಳೆ ತಯಾರಿಸಿದರೆ, ಪ್ರಯೋಗಾಲಯದ ಬಾಗಿಲು ದಾಟಿ ಹೊಲಕ್ಕೆ ಹೋಗುವ ಮುನ್ನ ಯಾರಿಂದ ಅನುಮತಿ ಕೇಳಬೇಕು ಎಂಬುದೇ ದೊಡ್ಡ ಪ್ರಶ್ನೆ. ಲಕ್ಷಾಂತರ ವರ್ಷಗಳಿಂದ ಮಣ್ಣಿನಲ್ಲಿ ನಡೆದು ಬಂದ ವಿದ್ಯೆಗೆ ಮನುಷ್ಯ ಹಾಕಿದ ಬೀಗವಿದು.

ಅದೇ 2005ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಿಂದ ಒಂದು ಸುದ್ದಿ ಬಂತು. ರಿಚರ್ಡ್ ಜೆಫರ್ಸನ್ ಎಂಬ ವಿಜ್ಞಾನಿ ಕಟ್ಟಿದ ಕ್ಯಾಂಬಿಯ ಎಂಬ ಲಾಭಾಪೇಕ್ಷೆಯಿಲ್ಲದ ಸಂಸ್ಥೆ ಅಲ್ಲಿತ್ತು. ಅಲ್ಲಿನವರು ದಾಯಾದಿಗಳ ಬಂಧುತ್ವವನ್ನೇ ಕೆಲಸಕ್ಕೆ ಹಚ್ಚಿದರು. ಗಂಟು ಕಟ್ಟದಂತೆ ಮಾರ್ಪಡಿಸಿದ ಟಿಐ ಪ್ಲಾಸ್ಮಿಡ್ಡನ್ನು ಮಿತ್ರ ಬ್ಯಾಕ್ಟೀರಿಯಗಳಿಗೆ, ಸೈನೊರೈಜೋಬಿಯಂ ಮತ್ತು ಅದರ ಒಡನಾಡಿಗಳಿಗೆ, ತೊಡಿಸಿದರು. ಬಳೆ ತೊಟ್ಟ ಮಿತ್ರರೂ ತಂಬಾಕು, ಬತ್ತದಂಥ ಗಿಡಗಳಿಗೆ ಜೀನನ್ನು ದಾಟಿಸಿದರು! ಅಗ್ರೊಬ್ಯಾಕ್ಟೀರಿಯಂನಷ್ಟು ಚುರುಕಾಗಿ ಅಲ್ಲ, ನಿಜ. ಆದರೆ ದಾಟಿಸಿದ್ದು ಅಗ್ರೊಬ್ಯಾಕ್ಟೀರಿಯಂ ಅಲ್ಲವಾದ್ದರಿಂದ ಅದರ ಹೆಸರಿನಲ್ಲಿದ್ದ ಪೇಟೆಂಟ್‌ಗಳ ಬೇಲಿಯನ್ನು ಬಳಸಿ ಹೋಗಲು ಒಂದು ಕಾಲುದಾರಿ ಸಿಕ್ಕಿತು. ಈ ವಿಧಾನವನ್ನು ಯಾರು ಬೇಕಾದರೂ ಬಳಸಬಹುದು, ಆದರೆ ಅದರಲ್ಲಿ ಮಾಡಿದ ಸುಧಾರಣೆಯನ್ನು ಮತ್ತೆ ಎಲ್ಲರ ಜೊತೆ ಹಂಚಿಕೊಳ್ಳಬೇಕು ಎಂಬುದು ಕ್ಯಾಂಬಿಯದ ಷರತ್ತು. ಊರ ಕೆರೆಯ ನೀರು ಬಳಸಿದವರು ಹೂಳೆತ್ತಲೂ ಬರಬೇಕೆಂಬ ಹಳೆಯ ಕಟ್ಟಳೆಯಂತೆ.

ಈ ಕಾಲುದಾರಿ ಹೆದ್ದಾರಿಯಾಗಲಿಲ್ಲ. ಪ್ರಯೋಗಾಲಯಗಳಲ್ಲಿ ಅಗ್ರೊಬ್ಯಾಕ್ಟೀರಿಯಂನದೇ ರಾಜ್ಯಭಾರ ಮುಂದುವರಿಯಿತು. ಆದರೆ ಬೇಲಿಯೊಳಗಿನದು ಒಬ್ಬನದೇ ಸೊತ್ತಲ್ಲ ಎಂಬುದು ಸಿದ್ಧವಾಯಿತು. 2013ರಲ್ಲಿ ವಿಶ್ವ ಆಹಾರ ಪ್ರಶಸ್ತಿ ವಾನ್ ಮೊಂಟಾಗು, ಚಿಲ್ಟನ್ ಮತ್ತು ಮಾನ್ಸಾಂಟೊದ ರಾಬರ್ಟ್ ಫ್ರಾಲಿ ಅವರಿಗೆ ಒಟ್ಟಿಗೆ ಸಂದಿತು. 2003ರಲ್ಲಿ ತೀರಿಕೊಂಡಿದ್ದ ಶೆಲ್ ಅದನ್ನು ನೋಡಲು ಇರಲಿಲ್ಲ.

ಗೆಣಸಿನಲ್ಲಿ ಹಳೆಯ ಸಹಿ

ಕಥೆಗೆ ಇನ್ನೊಂದು ತಿರುವು ಬಾಕಿಯಿತ್ತು. ಅದನ್ನು ಒದಗಿಸಿದ್ದು ಸಂಕ್ರಾಂತಿಯಂದು ಕಡಲೆಕಾಯಿ, ಅವರೆಕಾಯಿಗಳ ಜೊತೆ ಬೇಯಿಸಿ ತಿನ್ನುವ ಸಿಹಿಗೆಣಸು. ಪೆರು ದೇಶದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಮತ್ತು ಘೆಂಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು, ಹೌದು, 1974ರಲ್ಲಿ ಬಳೆಯನ್ನು ಪತ್ತೆ ಮಾಡಿದ ಅದೇ ಘೆಂಟ್, 2015ರಲ್ಲಿ ಒಂದು ವರದಿ ಪ್ರಕಟಿಸಿದರು. ಗೆಣಸಿನ ಡಿಎನ್‌ಎಯಲ್ಲಿ ಅಗ್ರೊಬ್ಯಾಕ್ಟೀರಿಯಂ ಇಟ್ಟುಹೋದ ಜೀನುಗಳಿದ್ದವು. ಅವರು ಪರೀಕ್ಷಿಸಿದ 291 ಕೃಷಿ ಮಾದರಿಗಳಲ್ಲಿ ಒಂದನ್ನೂ ಬಿಡದೆ ಎಲ್ಲದರಲ್ಲೂ ಆ ಸಹಿ ಸಿಕ್ಕಿತು. ಮನುಷ್ಯ ಪ್ರಯೋಗಾಲಯ ಕಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಯಾವುದೋ ಕಾಡು ಬಳ್ಳಿಗೆ ಗಾಯವಾಗಿ, ಬ್ಯಾಕ್ಟೀರಿಯ ತನ್ನ ಎಳೆಯನ್ನು ಹೊಲಿದು, ಆ ಬಳ್ಳಿಯ ಸಂತಾನವನ್ನೇ ಅಮೆರಿಕ ಖಂಡದ ಹಿಂದಿನ ರೈತರು ಆರಿಸಿ ಬೆಳೆಸಿದ್ದರು. ಪ್ರಕೃತಿಯೇ ಮಾಡಿದ ಕುಲಾಂತರಿ ಬೆಳೆ ಇದು.

ಇದನ್ನೇ ಮುಂದಿಟ್ಟುಕೊಂಡು ಎಲ್ಲ ಕುಲಾಂತರಿಗಳೂ ನಿರಪಾಯಕಾರಿ ಎನ್ನುವುದು ಆತುರದ ಮಾತಾದೀತು. ಸಾವಿರಾರು ವರ್ಷ ಸಾವಿರಾರು ರೈತರು ತಿಂದು, ಬಿತ್ತಿ, ಆರಿಸಿ ನೋಡಿದ ಗೆಣಸೇ ಬೇರೆ. ನಾಲ್ಕಾರು ವರ್ಷ ಪರೀಕ್ಷೆ ನಡೆಸಿ ಮಾರುಕಟ್ಟೆಗೆ ಬಿಡುವ ಬೀಜವೇ ಬೇರೆ. ಒಂದೊಂದು ಬೆಳೆಯನ್ನೂ ಅದರದರ ಗುಣದೋಷಗಳ ಮೇಲೆ ತೂಗಬೇಕು. ಆದರೆ ಜೀನು ದಾಟಿಸುವುದೇ ಪ್ರಕೃತಿವಿರುದ್ಧ ಎನ್ನುವವರು ಗೆಣಸನ್ನು ಒಮ್ಮೆ ನೆನೆಯಬೇಕು. ಈ ವಿದ್ಯೆ ತಮ್ಮ ಸ್ವಂತ ಸೃಷ್ಟಿ ಎಂದು ಬೀಗ ಜಡಿಯುವವರೂ ನೆನೆಯಬೇಕು.

ಬಳೆಯನ್ನಷ್ಟೇ ಅರಿತಾಗ ಮನುಷ್ಯನಿಗೆ ಸಿಕ್ಕಿದ್ದು ಒಂದು ಉಪಕರಣ. 56 ಲಕ್ಷ ಅಕ್ಷರಗಳನ್ನೂ ಓದಿದಾಗ ಸಿಕ್ಕಿದ್ದು ಒಂದು ಕುಟುಂಬ. ಉಪಕರಣಕ್ಕೆ ಒಡೆಯರಿರಬಹುದು. ಕುಟುಂಬಕ್ಕೆ ನೆಂಟರಿರುತ್ತಾರೆ. ಮುಂದಿನ ಸಲ ತೊಗರಿ ಗಿಡವನ್ನು ಕಿತ್ತಾಗ ಬೇರಿನಲ್ಲಿ ತೂಗುವ ಆ ಪುಟ್ಟ ಗಂಟುಗಳನ್ನು ಗಮನಿಸಿ ನೋಡಿ. ಅಲ್ಲಿ ಗಿಡಕ್ಕಾಗಿ ದುಡಿಯುತ್ತಿರುವವನು ದೂರದ ಚೆರಿ ಮರಕ್ಕೆ ಗಂಟು ಕಟ್ಟಿದವನ ದಾಯಾದಿ.